ಬೀದಿಗೆ ಬಂದ ಚಿತ್ರಶಾಲೆ



ಚಿತ್ರಪ್ರದರ್ಶನವೆಂದರೆ ದೊಡ್ಡ ಭವನಗಳೊಳಗಿನ ಮಾತೆಂದೇ ನಮ್ಮೆಣಿಕೆ. 2016ರಲ್ಲಿ ಚೆನ್ನೈಯಲ್ಲಿ ಛಾಯಾಚಿತ್ರಗಳು ರೈಲು ನಿಲ್ದಾಣಕ್ಕೇ ಬಂದವು. ನೆರೆಯ ಬೆಂಗಳೂರಿನಲ್ಲಿಯಾದರೋ, ಕಲಾವಿದೆ ಜಾಸ್ಮೀನ್ ಪಥೇಜಾ ಅವರು 2003ರಲ್ಲಿ, ಇನ್ನೂ ವಿದ್ಯಾರ್ಥಿನಿಯಾಗಿದ್ದಾಗಲೇ, ‘ಬ್ಲ್ಯಾಂಕ್ ನಾಯ್ಸ್’ ಎಂಬ ಕಾರ್ಯವನ್ನಾರಂಭಿಸಿದರು. ಪೀಡನೆಗೊಳಗಾದ ದಿನ ತೊಟ್ಟಿದ್ದ ಉಡುಪನ್ನು ತನ್ನಿರೆಂದು ಅವರು ಮುಂದೆ ಹೆಂಗಸರನ್ನು ಕೇಳಿಕೊಂಡರು. ಬಂದುವು ಯಾವುವು? ಸೀರೆ, ಸಲ್ವಾರು, ಶಾಲೆಯ ಸಮವಸ್ತ್ರ!

ಬಸ್ ನಿಲ್ದಾಣದಲ್ಲಿ ನೊಂದು ಬಂದ ಮಗಳನ್ನು ‘ಹಾಗೇಕೆ ಉಟ್ಟೆ?’ ಎಂದು ಗದರುವ ಹಿರಿಯರು ನಮ್ಮ ಹೊಸೂರು ಸೀಮೆಯಲ್ಲಿಯೂ ಇದ್ದಾರೆ. ಹೆದರಿ ಶಾಲೆ ಬಿಡಿಸುವವರೂ ಉಂಟು. ಆದುದರಿಂದ ನಮ್ಮ ಹೆಣ್ಣುಮಕ್ಕಳು, ತಾವು ದಿನವೂ ನಡೆದು ಬರುವ ದಾರಿಯ ಛಾಯಾಚಿತ್ರಗಳನ್ನು ತಾವೇ ತೆಗೆದು, ಬರುವ ವರ್ಷ ಶಾಲೆಯ ಹೊರಗೋಡೆಯ ಮೇಲೆ ತೂಗುಹಾಕಲಿದ್ದಾರೆ. ಸಂತೆಗೆ ಹೋಗುವವರೂ ಗಳಿಗೆಹೊತ್ತು ನಿಂತು ನೋಡಬೇಕೆಂದು ನಾವು ಬೇಡುತ್ತೇವೆ.