ದೀಪ ಉರಿಯುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ



ಗಾಡಿಯೊಂದು ಕೆಟ್ಟು ರಸ್ತೆ ಬದಿಯಲ್ಲಿ ನಿಂತರೆ ಸುತ್ತ ಸೇರಿದ ನಾಲ್ಕು ಜನರಲ್ಲಿ ಐದು ಅಭಿಪ್ರಾಯ ಇರುತ್ತವೆ. ಬ್ಯಾಟರಿ ಹೋಗಿದೆ ಎನ್ನುವವನೊಬ್ಬ, ಪೆಟ್ರೋಲಿಗೆ ನೀರು ಸೇರಿದೆ ಎನ್ನುವವನೊಬ್ಬ, ಏನೂ ಹೇಳದೆ ಬಾನೆಟ್ಟಿನೊಳಗೆ ಕೈಹಾಕಿ ಸಿಕ್ಕಿದ್ದನ್ನು ಬಿಚ್ಚುವವನು ಇನ್ನೊಬ್ಬ. ಈ ಮೂರನೆಯವನು ನಾನಾಗಿದ್ದ ಒಂದು ಬೆಳಗಿನ ಕಥೆಯನ್ನು ಇವತ್ತು ನಿಮಗೆ ಹೇಳಬೇಕು.

2000ನೇ ಇಸವಿಯ ಏಪ್ರಿಲ್ ತಿಂಗಳು. ನಾನು ಚಳ್ಳಕೆರೆಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದೆ. ನಾವು ನಾಲ್ವರು ಗೆಳೆಯರು. ಚಳ್ಳಕೆರೆ ಎಂದರೆ ಶೇಂಗಾ ಎಣ್ಣೆ ಮಿಲ್ಲುಗಳ ಊರು ಎಂದು ನಿಮಗೆ ಗೊತ್ತು. ನಮ್ಮಲ್ಲೊಬ್ಬ ಅಂಥ ಮಿಲ್ಲಿನವರ ಮನೆಯವನು. ಇನ್ನೊಬ್ಬನಿಗೆ ರಸಾಯನಶಾಸ್ತ್ರದ ಹುಚ್ಚು, ಅವನನ್ನು ಎಲ್ಲರೂ 'ಕೆಮಿಸ್ಟ್ರಿ' ಎಂದೇ ಕರೆಯುತ್ತಿದ್ದೆವು. ನಾಲ್ಕನೆಯವನು ಮೊಳಕಾಲ್ಮೂರಿನ ನೇಕಾರರ ಹುಡುಗ. ಆ ಊರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂತು. ಆದರೆ ನಾನು ಹೇಳುತ್ತಿರುವ ಕಾಲಕ್ಕೆ ಅವನ ಮನೆಯಲ್ಲಿ ಒಂದೇ ಕುಣಿಮಗ್ಗ, ಅದರ ಮುಂದೆ ಅವನ ತಂದೆ. ಅವನು ಹಿಂದೆ ಒಂದು ವರ್ಷ ಫೇಲಾಗಿದ್ದ. "ಈ ಸಲ ಆಗದಿದ್ದರೆ ಬಂದು ಮಗ್ಗದಲ್ಲಿ ಕೂತ್ಕೋ" ಎಂದು ಅಪ್ಪ ಹೇಳಿಬಿಟ್ಟಿದ್ದರು. ಸಿಟ್ಟಿನಿಂದ ಹೇಳಿದ ಮಾತಲ್ಲ ಅದು, ದುಡ್ಡಿನ ಲೆಕ್ಕ.

ಭಾನುವಾರ ಅವನ ಅಕ್ಕನ ನಿಶ್ಚಿತಾರ್ಥ. ಮಿಲ್ಲಿನ ಗೆಳೆಯ ತನ್ನ ಚಿಕ್ಕಪ್ಪನನ್ನು ಕಾಡಿಬೇಡಿ, ಎಣ್ಣೆ ಡಬ್ಬ ಸಾಗಿಸುವ ಹಳೆಯ ಪೆಟ್ರೋಲ್ ವ್ಯಾನನ್ನು ತಂದಿದ್ದ. ಮೊಳಕಾಲ್ಮೂರಿಗೆ ಹೋಗಿ ಉಂಡು ಅಲ್ಲೇ ಮಲಗಿದೆವು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಚಳ್ಳಕೆರೆಯಲ್ಲಿ ಭೌತಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆ. ಐದಕ್ಕೇ ಹೊರಟೆವು. ಹಿರೇಹಳ್ಳಿಯಲ್ಲಿ ಚಹಾ ಕುಡಿಯಲು ನಿಲ್ಲಿಸಿ, ಕುಡಿದು, ಹತ್ತಿ ಕುಳಿತು ಕೀಲಿ ತಿರುಗಿಸಿದರೆ 'ಟಕ್' ಎಂದಿತು. ಅಷ್ಟೇ.

ಇಲ್ಲಿ ಸ್ವಲ್ಪ ನಿಲ್ಲೋಣ. ಎಂಜಿನ್ ತಾನಾಗಿ ಓಡಬೇಕಾದರೆ ಪೆಟ್ರೋಲು ಮತ್ತು ಗಾಳಿಯ ಸರಿಯಾದ ಮಿಶ್ರಣ ಬೇಕು, ಅದು ಸಿಲಿಂಡರಿನಲ್ಲಿ ಒತ್ತಲ್ಪಡಬೇಕು, ಸರಿಯಾದ ಹೊತ್ತಿಗೆ ಕಿಡಿ ಹಾರಬೇಕು. ಆದರೆ ಇದೆಲ್ಲ ನಡೆಯುವುದು ಎಂಜಿನ್ ತಿರುಗುತ್ತಿರುವಾಗ. ಮೊದಲ ಸುತ್ತನ್ನು ಯಾರಾದರೂ ತಿರುಗಿಸಿಕೊಡಬೇಕು. ಹಿಂದೆ ಮುಂದುಗಡೆ ಹ್ಯಾಂಡಲ್ ಹಾಕಿ ಕೈಯಿಂದಲೇ ತಿರುಗಿಸುತ್ತಿದ್ದರು. ಎಂಜಿನ್ ಹಿಮ್ಮುಖವಾಗಿ ಒದ್ದು ಕೈಮೂಳೆ ಮುರಿದುಕೊಂಡವರಿದ್ದರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಸಣ್ಣ ಮೋಟಾರನ್ನು ಕೆಲವೇ ಕ್ಷಣ ಮಿತಿಮೀರಿ ದುಡಿಸಿದರೆ ಅದು ಸುಟ್ಟುಹೋಗದು ಎಂಬುದು ಆತನಿಗೆ ಹೊಳೆದ ಉಪಾಯ. ಕೀಲಿಯನ್ನು ಒಂದೇ ಸಮನೆ ಅರ್ಧ ನಿಮಿಷ ಹಿಡಿಯಬಾರದು ಎನ್ನುವುದೂ ಇದೇ ಕಾರಣಕ್ಕೆ.

ಹೀಗಾಗಿ ಕೆಟ್ಟ ಗಾಡಿಯ ಮುಂದೆ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ. ಎಂಜಿನ್ ತಿರುಗುವುದೇ ಇಲ್ಲವೋ, ಅಥವಾ ತಿರುಗಿಯೂ ಹತ್ತಿಕೊಳ್ಳುವುದಿಲ್ಲವೋ? ಇವೆರಡೂ ಬೇರೆ ಬೇರೆ ಕಾಯಿಲೆಗಳು. ತಿರುಗದಿದ್ದರೆ ಬ್ಯಾಟರಿ, ಅದರ ತಂತಿ, ಸ್ಟಾರ್ಟರು ಇವನ್ನು ನೋಡಬೇಕು. ತಿರುಗಿಯೂ ಹತ್ತದಿದ್ದರೆ ಪೆಟ್ರೋಲು, ಕಿಡಿ. ನಮ್ಮದು ತಿರುಗುತ್ತಲೇ ಇರಲಿಲ್ಲ. ನಾನು ಮಾಡಿದ್ದೇನು? ಮುಂದಿನ ಸೀಟು ಎತ್ತಿ, ಕೆಳಗಿದ್ದ ಎಂಜಿನ್ನಿನ ಮೂರು ಪ್ಲಗ್ಗುಗಳ ತಂತಿ ಕಿತ್ತು, ಪ್ಲಗ್ ಬಿಚ್ಚಿ ಒರೆಸಿ ಮತ್ತೆ ಹಾಕಿದೆ. ಕಾಲುನೋವು ಎಂದು ಬಂದವನ ಹಲ್ಲು ಕಿತ್ತಂತೆ. ಆದರೆ ಕೈಗೆ ಮಸಿ ಹತ್ತಿತ್ತಲ್ಲ, ದೊಡ್ಡ ಕೆಲಸ ಮಾಡಿದಂತೆ ನನಗೆ ಅನ್ನಿಸಿತ್ತು.

"ಬ್ಯಾಟರಿ ಡೌನ್ ಕಣೋ" ಎಂದ ಮಿಲ್ಲಿನವನು. "ಲೈಟು ಚೆನ್ನಾಗೇ ಉರೀತಿದೆಯಲ್ಲೋ" ಎಂದು ಕೆಮಿಸ್ಟ್ರಿ ಅವನ ಬಾಯಿ ಮುಚ್ಚಿಸಿದ. ಕೊನೆಗೆ ತಳ್ಳುವುದೆಂದಾಯಿತು. ಚಹಾದಂಗಡಿಯಲ್ಲಿದ್ದವರೂ ಕೈಕೊಟ್ಟರು. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಎಂಜಿನ್ ಕೆಮ್ಮಿತು, 'ಫಟ್' ಎಂದು ಸಿಡಿಯಿತು, ನಿಂತಿತು. ಮೂರು ಸಲವೂ ಅದೇ ಕತೆ. ಗಂಟೆ ಏಳೂಕಾಲು. ಚಳ್ಳಕೆರೆ ಕಡೆ ಹೋದ ಒಂದು ಬಸ್ಸನ್ನು, 'ಇನ್ನೇನು ಸ್ಟಾರ್ಟ್ ಆಗುತ್ತದೆ' ಎನ್ನುತ್ತಾ ನಾವೇ ಬಿಟ್ಟಿದ್ದೆವು. ಮುಂದಿನದು ಯಾವಾಗಲೋ.

ಇಷ್ಟು ಹೊತ್ತೂ ನೇಕಾರರ ಹುಡುಗ ಮಾತಾಡಿರಲಿಲ್ಲ. ಗಾಡಿ ಅವನದಲ್ಲ, ಅವನಿಗೆ ಗಾಡಿ ಓಡಿಸಲೂ ಬರುತ್ತಿರಲಿಲ್ಲ. ಅವನನ್ನು ಕೇಳಬೇಕೆಂದು ನಮಗೂ ಹೊಳೆದಿರಲಿಲ್ಲ. ಅವನೇ ಹತ್ತಿರ ಬಂದು, "ಒಂದ್ನಿಮಿಷ ಎಲ್ರೂ ಕೈ ತೆಗೀರಪ್ಪ" ಎಂದ. ಮಗ್ಗದಲ್ಲಿ ಹಾಸಿನ ಒಂದು ಎಳೆ ತುಂಡಾದರೆ ಯಾರೂ ಇಡೀ ಮಗ್ಗ ಅಲ್ಲಾಡಿಸುವುದಿಲ್ಲವಂತೆ. ಲಾಳಿ ನಿಲ್ಲಿಸಿ, ಆ ಎಳೆಯನ್ನೇ ಒಂದು ತುದಿಯಿಂದ ಹಿಡಿದು ಹೋಗುತ್ತಾರಂತೆ.

ಅವನು ನಮಗೆ ಕೆಲಸ ಹಂಚಿದ. ಮಿಲ್ಲಿನವನು ಕೀಲಿಯ ಹತ್ತಿರ. ಕೆಮಿಸ್ಟ್ರಿ ಗಾಡಿಯ ಮುಂದೆ, ಹೆಡ್‌ಲೈಟ್ ನೋಡುತ್ತಾ. ನಾನು ಎಂಜಿನ್ ಪಕ್ಕದಲ್ಲಿ, ಕಿವಿ ಕೊಟ್ಟು. ತಾನು ಬ್ಯಾಟರಿಯ ಹತ್ತಿರ ಕುಳಿತ. ಗೆಳೆಯರ ಸಹಾಯ ಎಂದರೆ ತಳ್ಳುವ ತೋಳುಗಳು ಎಂದು ಅಲ್ಲಿಯತನಕ ನಾನು ತಿಳಿದಿದ್ದೆ. ಯೋಚಿಸಿ ನೋಡಿ, ಕೀಲಿ ತಿರುಗಿಸುವವನಿಗೆ ಅದೇ ಕ್ಷಣದಲ್ಲಿ ಗಾಡಿಯ ಮುಂದಿನ ದೀಪ ಕಾಣಿಸದು. ಒಬ್ಬನೇ ಇದ್ದರೆ ಈ ಪ್ರಯೋಗ ಮಾಡುವುದೇ ಕಷ್ಟ.

ಕೀಲಿ ತಿರುಗಿತು. 'ಟಕ್'. "ಲೈಟ್ ಆರೋಯ್ತು!" ಎಂದು ಕೆಮಿಸ್ಟ್ರಿ ಕೂಗಿದ. ಕೀಲಿ ಬಿಟ್ಟೊಡನೆ ದೀಪ ಮತ್ತೆ ಪ್ರಕಾಶಮಾನ. ನಾಲ್ಕೈದು ಸಲ ಹಾಗೆ ಮಾಡಿದ ಮೇಲೆ ನಮ್ಮವನು ಬ್ಯಾಟರಿಯ ಎರಡೂ ತುದಿಗಳನ್ನು ಬೆರಳಿನಿಂದ ಮುಟ್ಟಿದ. ಒಂದು ತಣ್ಣಗಿತ್ತು. ನೆಗೆಟಿವ್ ಕಡೆಯದು ಬೆಚ್ಚಗಿತ್ತು. ಅದರ ಹಿಡಿಕೆಯ ಸುತ್ತ ಬಿಳಿ, ನೀಲಿ ಬಣ್ಣದ ಪುಡಿ ಕಟ್ಟಿಕೊಂಡಿತ್ತು.

ಮಿತ್ರರೆ, ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಚೆನ್ನಾಗಿರುವ ಬ್ಯಾಟರಿಯ ವೋಲ್ಟೇಜು ಸುಮಾರು 12.6. ಆ ಪುಡಿ ಕಟ್ಟಿದ ಕೂಡುಜಾಗದ ರೋಧ ಬರೀ 0.05 ಓಮ್ ಎಂದಿಟ್ಟುಕೊಳ್ಳೋಣ. ಹೆಡ್‌ಲೈಟುಗಳಿಗೆ ಬೇಕಾದ ಕರೆಂಟು ಸುಮಾರು 10 ಆಂಪಿಯರ್. ಓಮನ ನಿಯಮದಂತೆ ಅಲ್ಲಿ ಕಳೆದುಹೋಗುವುದು 10 ಗುಣಿಸು 0.05, ಅಂದರೆ ಅರ್ಧ ವೋಲ್ಟು; ದೀಪದ ಬೆಳಕಿನಲ್ಲಿ ಅದು ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಸ್ಟಾರ್ಟರು 100 ಆಂಪಿಯರ್ ಎಳೆಯಲು ಹೊರಟರೆ? 5 ವೋಲ್ಟು ಅಲ್ಲೇ ಖರ್ಚು. ಉಳಿದ ಏಳೂವರೆ ವೋಲ್ಟಿನಲ್ಲಿ ಸ್ಟಾರ್ಟರ್ ಎಂಜಿನ್ನನ್ನು ತಿರುಗಿಸಲಾರದು. ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದರೆ ಶಾಖ ಸಿಗುತ್ತದೆ: 500 ವಾಟ್, ಇಸ್ತ್ರಿಪೆಟ್ಟಿಗೆ ಕಾಯುವಷ್ಟು. ನಮ್ಮದರಲ್ಲಿ ದೀಪವೇ ಆರಿತು ಎಂದರೆ ರೋಧ ಇದಕ್ಕಿಂತ ಹೆಚ್ಚೇ ಇದ್ದಿರಬೇಕು. ಬ್ಯಾಟರಿಯೇ ಸೋತಿದ್ದರೂ ಕೀಲಿ ತಿರುಗಿಸಿದಾಗ ದೀಪ ಆರುತ್ತದೆ. ಆದರೆ ಒಂದು ತುದಿ ಮಾತ್ರ ಬೆಚ್ಚಗಾದರೆ ದೋಷ ಆ ತುದಿಯಲ್ಲಿದೆ. 'ಲೈಟು ಉರೀತಿದೆ, ಹಾಗಾಗಿ ಕರೆಂಟಿನ ಕಡೆ ಎಲ್ಲ ಸರಿ' ಎಂಬ ನಮ್ಮ ತರ್ಕ ಎಲ್ಲಿ ಸೋತಿತು ನೋಡಿ.

ಇನ್ನೂ ನಾಚಿಕೆಯ ಸಂಗತಿ ಹೇಳುತ್ತೇನೆ. ಮೂರು ವರ್ಷ ಪ್ರಯೋಗಶಾಲೆಯಲ್ಲಿ ತಂತಿಯ ತುದಿಗಳನ್ನು ಉಪ್ಪುಕಾಗದದಿಂದ ಉಜ್ಜಿಯೇ ಜೋಡಿಸುತ್ತಿದ್ದೆವು. ಉಜ್ಜದಿದ್ದರೆ ಮೇಷ್ಟ್ರು ಬೈಯುತ್ತಿದ್ದರು. ಬೈಗುಳ ನೆನಪಿತ್ತು, ಕಾರಣ ಮರೆತಿತ್ತು.

ಕೆಮಿಸ್ಟ್ರಿಗೆ ಈಗ ಕೆಲಸ ಸಿಕ್ಕಿತು. ಬ್ಯಾಟರಿಯ ಆಸಿಡ್ ಎಂದರೆ ಗಂಧಕಾಮ್ಲ. ಅದಕ್ಕೆ ಅಡುಗೆ ಸೋಡಾ ಮದ್ದು. ಮೆಣಸಿನಕಾಯಿ ಬಜ್ಜಿಯ ಹಿಟ್ಟು ಕಲೆಸುತ್ತಿದ್ದ ಅಂಗಡಿಯ ಅಜ್ಜಿಯನ್ನು ಕೇಳಿದ. "ಗಾಡಿಗೂ ಬಜ್ಜಿ ಮಾಡ್ತೀರೇನ್ರಪ್ಪ?" ಎಂದು ನಕ್ಕು ಒಂದು ಚಿಟಿಕೆ ಕೊಟ್ಟರು. ನೆಗೆಟಿವ್ ಹಿಡಿಕೆಯನ್ನು ಸಡಿಲಿಸಿ ತೆಗೆದು, ಸೋಡಾ ಕಲೆಸಿದ ಬಿಸಿನೀರನ್ನು ಅದರ ಮೇಲೆ ಹಾಕಿದರೆ ಬುರುಬುರು ನೊರೆ ಬಂತು. ಆ ನೀರು ಬ್ಯಾಟರಿಯ ಒಳಗೆ ಬೀಳಬಾರದು, ಇದನ್ನು ನೀವು ನೆನಪಿಡಿ. ಪಕ್ಕದ ಸೈಕಲ್ ಪಂಕ್ಚರ್ ಅಂಗಡಿಯವನು ಟ್ಯೂಬು ಉಜ್ಜುವ ಉಪ್ಪುಕಾಗದ ಕೊಟ್ಟ. ಸೀಸದ ಗೂಟ ಹೊಳೆಯುವ ತನಕ ಉಜ್ಜಿ ಹಿಡಿಕೆಯನ್ನು ಬಿಗಿಮಾಡಿದೆವು.

ಕೀಲಿ ತಿರುಗಿಸಿದರೆ ಗರಗರ ಎಂದು ಎಂಜಿನ್ ತಿರುಗಿತು. ನಾವು ಚಪ್ಪಾಳೆ ತಟ್ಟಿದೆವು. ಆದರೆ ಹತ್ತಿಕೊಳ್ಳಲಿಲ್ಲ.

ಮೊದಲನೇ ಕಾಯಿಲೆ ವಾಸಿಯಾಗಿ ಎರಡನೆಯದು ಹೊರಬಂದಿತ್ತು. ಅದು ಗಾಡಿಯದಲ್ಲ, ನನ್ನದು. ಮೂರು ಸಿಲಿಂಡರಿಗೆ ಕಿಡಿ ಒಂದು ನಿರ್ದಿಷ್ಟ ಸರದಿಯಲ್ಲಿ ಹೋಗಬೇಕು. ನಾನು ಗುರುತು ಹಾಕಿಕೊಳ್ಳದೆ ಮೂರೂ ತಂತಿ ಕಿತ್ತಿದ್ದೆ. ನೇಕಾರರ ಹುಡುಗ ಬಗ್ಗಿ ನೋಡಿ, "ಒಂದು ಬಿಗಿ ಐತೆ, ಒಂದು ಜೋಲು ಬಿದ್ದೈತೆ. ಮಗ್ಗದಲ್ಲಿ ಹಿಂಗಿದ್ರೆ ನಮ್ಮಪ್ಪ ಸುಮ್ನೆ ಬಿಡಲ್ಲ" ಎಂದ. ನಿಜ, ದೂರದ ಪ್ಲಗ್ಗಿಗೆ ಹೋಗಬೇಕಾದ ಉದ್ದನೆಯ ತಂತಿ ಹತ್ತಿರದ್ದಕ್ಕೆ ಸೇರಿತ್ತು, ಗಿಡ್ಡ ತಂತಿ ದೂರದ್ದಕ್ಕೆ ಎಳೆದುಕೊಂಡು ನಿಂತಿತ್ತು. ಎರಡನ್ನೂ ಅದಲುಬದಲು ಮಾಡಿದ ಕೂಡಲೇ ಎಂಜಿನ್ ಹೊತ್ತಿಕೊಂಡಿತು. ಎಂಟು ಗಂಟೆ ಹತ್ತು ನಿಮಿಷ.

ಕಿಡಿಗೆ ಬೇಕಾದ ಕರೆಂಟು ಕೆಲವೇ ಆಂಪಿಯರ್. ನಾನು ತಂತಿ ಮುಟ್ಟದೆ ಇದ್ದಿದ್ದರೆ ಮೊದಲನೇ ತಳ್ಳುವಿಕೆಯಲ್ಲೇ, ಪುಡಿ ಕಟ್ಟಿದ ಬ್ಯಾಟರಿಯಿಂದಲೇ, ಗಾಡಿ ಹೊರಟಿರುತ್ತಿತ್ತು. ಇದನ್ನು ನೆನೆದರೆ ಈಗಲೂ ನನಗೆ ಇರುಸುಮುರುಸು.

ಹತ್ತಾರು ವರ್ಷಗಳ ನಂತರ ಇದೇ ಚಳ್ಳಕೆರೆ ತಾಲ್ಲೂಕಿನಲ್ಲಿ ಡಿ.ಆರ್.ಡಿ.ಓ.ದ ವೈಮಾನಿಕ ಪರೀಕ್ಷಾ ವಲಯ ಬಂತು. 2017ರಲ್ಲಿ ಅದರ ಉದ್ಘಾಟನೆಯಾಯಿತು. ಮರುಬಳಕೆಯ ಉಡಾವಣಾ ವಾಹನವನ್ನು ಇಳಿಸುವ ಪ್ರಯೋಗಗಳನ್ನು ಇಸ್ರೋ ಅಲ್ಲಿಯೇ ನಡೆಸಿತು. 2023ರ ಏಪ್ರಿಲ್ 2ರಂದು ಹೆಲಿಕಾಪ್ಟರು ಅದನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಿತು. ಅದು ತಾನಾಗಿ ರನ್‌ವೇಗೆ ಬಂದು ಇಳಿಯಿತು. 2024ರ ಮಾರ್ಚಿಯಲ್ಲಿ ರನ್‌ವೇಯ ನೇರದಿಂದ 150 ಮೀಟರ್ ಪಕ್ಕಕ್ಕೆ ಸರಿಸಿ ಬಿಟ್ಟರು. ಅದೂ ಗೆದ್ದ ಮೇಲೆ ಜೂನಿನಲ್ಲಿ 500 ಮೀಟರ್ ಪಕ್ಕಕ್ಕೆ, ಹಿಂದಿನ ಸಲದ ಅದೇ ವಾಹನದ ಒಡಲನ್ನೇ ಬಳಸಿ. ಕಷ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದ ಆ ಕ್ರಮವನ್ನು ಓದಿದಾಗ ಹಿರೇಹಳ್ಳಿಯಲ್ಲಿ ಮೂರು ತಂತಿ ಒಟ್ಟಿಗೆ ಕಿತ್ತ ನನ್ನ ಕೈ ನೆನಪಾಯಿತು.

ಇಂದಿನ ಗಾಡಿಗಳ ಬಗ್ಗೆ ಎರಡು ಮಾತು. ಈಗಿನ ಪೆಟ್ರೋಲ್ ಗಾಡಿಗಳಲ್ಲಿ ಕಾರ್ಬುರೇಟರಿನ ಬದಲು ಇಂಧನ ಸಿಂಪಡಿಸುವ ವ್ಯವಸ್ಥೆ ಇದೆ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಪಂಪು, ಕಂಪ್ಯೂಟರು ಎರಡೂ ಏಳುವುದಿಲ್ಲ, ತಳ್ಳಿ ಪ್ರಯೋಜನವಿಲ್ಲ. ಗೇರಿಲ್ಲದ ಸ್ಕೂಟರನ್ನಂತೂ ತಳ್ಳಿ ಸ್ಟಾರ್ಟ್ ಮಾಡಲಾಗದು. ವಿದ್ಯುತ್ ಕಾರುಗಳಲ್ಲೂ ದೊಡ್ಡ ಬ್ಯಾಟರಿಯ ಜೊತೆಗೆ ಸಾಮಾನ್ಯವಾಗಿ 12 ವೋಲ್ಟಿನ ಸಣ್ಣದೊಂದು ಇರುತ್ತದೆ. ಅದು ಸೋತರೆ ದೊಡ್ಡದು ತುಂಬಿದ್ದರೂ ಕಾರು ಎಚ್ಚರಗೊಳ್ಳುವುದಿಲ್ಲ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತಿರಬಹುದು, ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ಅದು ಕೊನೆಗೆ. ಹೆದ್ದಾರಿಯಲ್ಲಾದರೆ ಗಾಡಿಯನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿದ ಮೇಲೆಯೇ ಉಳಿದ ಮಾತು.

ಅಂದು ನಾವು ಕಾಲೇಜು ಮುಟ್ಟಿದಾಗ ಒಂಬತ್ತು ದಾಟಿ ಹತ್ತು ನಿಮಿಷ. ಹೊರಗಿನಿಂದ ಬಂದಿದ್ದ ಪರೀಕ್ಷಕರು ನಮ್ಮ ಕೈಗಳನ್ನು ನೋಡಿ, "ಮೊದಲು ತೊಳ್ಕೊಂಡು ಬನ್ನಿ" ಎಂದರು. ನೇಕಾರರ ಹುಡುಗ ಆ ವರ್ಷ ಪಾಸಾದ. ಈಗ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ನಾನು ಸ್ಟುಡಿಯೋದಲ್ಲಿ ಯಾವ ಕೇಬಲ್ ಬಿಚ್ಚುವ ಮೊದಲೂ ಅದಕ್ಕೊಂದು ಚೀಟಿ ಅಂಟಿಸಿ ನಂಬರು ಬರೆಯುತ್ತೇನೆ. ನನ್ನ ಸಹೋದ್ಯೋಗಿಗಳು ಅದನ್ನು ನೋಡಿ ನಗುತ್ತಾರೆ. ಆ ದಿನದ ಪ್ರಾಕ್ಟಿಕಲ್ ರೆಕಾರ್ಡು ನನ್ನ ಬಳಿ ಇನ್ನೂ ಇದೆ. ಮೊದಲ ಪುಟದ ಮೂಲೆಯಲ್ಲಿ ಗ್ರೀಸಿನ ಹೆಬ್ಬೆರಳ ಗುರುತು, ಎಷ್ಟು ತೊಳೆದರೂ ಹೋಗದೆ ಉಳಿದ ಮಸಿಯದು.