ಸೋರುವ ಗಾಡಿಯ ಮುಂದೆ ಸ್ವಲ್ಪ ತಾಳ್ಮೆ



ರಾತ್ರಿಯೆಲ್ಲ ನಿಂತಿದ್ದ ಕಾರನ್ನು ಬೆಳಗ್ಗೆ ಹೊರಗೆ ತೆಗೆದಾಗ, ನಿಂತ ಜಾಗದಲ್ಲಿ ಅಂಗೈಯಗಲ ಒದ್ದೆ ಕಲೆ ಕಂಡರೆ ಎದೆ ಧಸಕ್ಕೆನ್ನುತ್ತದೆ. ಹಳೆಯ ಗಾಡಿ ಇಟ್ಟುಕೊಂಡವರಿಗೆ ಈ ಅನುಭವ ಹೊಸದಲ್ಲ. ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ, ಅದರ ತಯಾರಿಕೆ ನಿಂತದ್ದು 2014ರಲ್ಲಿ. ಕಟ್ಟಕಡೆಗೆ ತಯಾರಾದ ಗಾಡಿಗೂ ಈಗ ಹತ್ತು ವರ್ಷ ದಾಟಿದೆ. ಒಳಗಿನ ರಬ್ಬರ್ ಸೀಲು, ಪ್ಯಾಕಿಂಗು, ಹೋಸ್ ಪೈಪುಗಳು ಅಷ್ಟು ವರ್ಷ ಎಂಜಿನ್ನಿನ ಕಾವು ತಿಂದು ಗಡುಸಾಗಿರುತ್ತವೆ, ಬಿರುಕು ಬಿಟ್ಟಿರುತ್ತವೆ. ಸೋರುವುದು ಆ ವಯಸ್ಸಿಗೆ ಸಹಜ. ಸೋರುತ್ತಿರುವುದು ಏನು, ಎಲ್ಲಿಂದ ಎಂದು ನೋಡುವ ಮೊದಲೇ ಏನು ಬದಲಾಯಿಸಬೇಕು ಎಂದು ಕೇಳಿಬಿಡುತ್ತೇವಲ್ಲ, ದುಡ್ಡು ಪೋಲಾಗುವುದು ಅಲ್ಲಿಯೇ.

ಏನು ಎಂದು ತಿಳಿಯಲು ದೊಡ್ಡ ಉಪಕರಣ ಬೇಕಿಲ್ಲ. ರಾತ್ರಿ ಗಾಡಿಯ ಅಡಿಗೆ ಅಗಲವಾದ ಬಿಳಿ ರಟ್ಟು ಹಾಸಿ, ನಾಲ್ಕು ಚಕ್ರ ಎಲ್ಲೆಲ್ಲಿ ಬರುತ್ತವೆ ಎಂದು ಅದರ ಮೇಲೆ ಗುರುತು ಮಾಡಿಡಿ. ಬೆಳಗ್ಗೆ ಬಣ್ಣವೂ ಕಾಣುತ್ತದೆ, ಜಾಗವೂ ಕಾಣುತ್ತದೆ. ಬಣ್ಣ ವಾಸನೆ ಎರಡೂ ಇಲ್ಲದ ತಿಳಿನೀರು ಮುಂದಿನ ಎಡಗಡೆ ಸೀಟಿನ ನೇರಕ್ಕೆ ಬಿದ್ದಿದ್ದರೆ ಅದು ಬಹುಮಟ್ಟಿಗೆ ಎಸಿಯ ನೀರು. ಚಿಂತೆಯೇ ಬೇಡ. ಕಂದು ಅಥವಾ ಕಪ್ಪು ಬಣ್ಣದ್ದು, ಬೆರಳಿಗೆ ಜಿಡ್ಡು ಹತ್ತುವಂಥದ್ದು ಎಂಜಿನ್ ಆಯಿಲ್. ಗೇರ್ ಆಯಿಲ್ ಇನ್ನೂ ಮಂದ, ಗಂಧಕದಂಥ ಗಾಟು ವಾಸನೆ. ಹಸಿರೋ ಕೇಸರಿಯೋ ಗುಲಾಬಿಯೋ ಇದ್ದು, ಸಿಹಿ ವಾಸನೆ ಬಂದರೆ ಕೂಲೆಂಟ್. ಬ್ರೇಕ್ ಆಯಿಲ್ ತೆಳುವಾಗಿ, ತಿಳಿಹಳದಿಯಾಗಿರುತ್ತದೆ. ಹಳೆಯದಾದರೆ ಕಂದು. ಎಣ್ಣೆಯೋ ಬ್ರೇಕ್ ಆಯಿಲ್ಲೋ ಎಂಬ ಅನುಮಾನ ಬಂದರೆ, ಬಿಸಾಡುವ ಲೋಟವೊಂದರಲ್ಲಿ ನೀರು ತೆಗೆದುಕೊಂಡು ಎರಡು ಹನಿ ಬಿಡಿ. ಎಂಜಿನ್ ಆಯಿಲ್ ಮೇಲೆ ತೇಲುತ್ತದೆ, ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತುಹೋಗುತ್ತದೆ. ಪೆಟ್ರೋಲು ರಟ್ಟಿನ ಮೇಲೆ ನಿಲ್ಲುವುದೇ ಇಲ್ಲ, ಆರಿಹೋಗುತ್ತದೆ. ಮೂಗೇ ಹೇಳಬೇಕು. ಆ ವಾಸನೆ ಬಂದರೆ ಗಾಡಿ ಸ್ಟಾರ್ಟ್ ಮಾಡಬಾರದು, ಹತ್ತಿರ ಬೆಂಕಿಕಡ್ಡಿ ಗೀರಬಾರದು.

ಕಷ್ಟವಿರುವುದು ಎಲ್ಲಿಂದ ಎಂಬುದರಲ್ಲಿ. ಮಲೆನಾಡಿನ ಹೆಂಚಿನ ಮನೆಗಳಲ್ಲಿ ಮಳೆಗಾಲ ಕಳೆದವರಿಗೆ ಗೊತ್ತು. ಹೆಂಚು ಒಡೆದದ್ದು ಒಂದು ಕಡೆ, ನೀರು ಪಕಾಸಿಯ ಗುಂಟ ಇಳಿದು ತೊಟ್ಟಿಕ್ಕುವುದು ಮತ್ತೊಂದು ಕಡೆ. ಎಂಜಿನ್ನಿನಲ್ಲೂ ಹಾಗೆಯೇ. ಎಲ್ಲಕ್ಕಿಂತ ಮೇಲಿರುವ ಟ್ಯಾಪೆಟ್ ಕವರ್ ಪ್ಯಾಕಿಂಗ್ ಸೋತರೆ ಎಣ್ಣೆ ಎಂಜಿನ್ನಿನ ಮೈಮೇಲೆ ಜಾರಿ ಬಂದು, ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಸಂದಿನಿಂದ ಹನಿಯುತ್ತದೆ. ಓಡುವಾಗ ಗಾಳಿಯೂ ಅದನ್ನು ಹಿಂದಕ್ಕೆ ತಳ್ಳುತ್ತದೆ. ಕೆಳಗಿನಿಂದ ನೋಡಿದವರಿಗೆ ಅದು ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋದಂತೆಯೇ ಕಾಣುತ್ತದೆ. ಎರಡಕ್ಕೂ ಇರುವ ಅಂತರ ನೋಡಿ. ಪ್ಯಾಕಿಂಗ್ ಬದಲಾಯಿಸಲು ಮೇಲಿನ ಕವರ್ ಬಿಚ್ಚಿದರೆ ಸಾಕು. ಆ ಸೀಲ್ ಬದಲಾಯಿಸಲು ಗೇರ್‌ಬಾಕ್ಸನ್ನೇ ಇಳಿಸಬೇಕು. ಇಳಿಸಿ, ಸೀಲ್ ಹಾಕಿ, ಮತ್ತೆ ಏರಿಸಿ, ಮಜೂರಿ ಕೊಟ್ಟು ಮನೆಗೆ ತಂದರೆ ಮಾರನೆಯ ದಿನ ಅದೇ ಜಾಗದಲ್ಲಿ ಅದೇ ಕಲೆ.

ಹೀಗಾಗಿಯೇ ಒಳ್ಳೆಯ ಮೆಕ್ಯಾನಿಕ್ ಸ್ಪ್ಯಾನರಿಗಿಂತ ಮೊದಲು ಬಟ್ಟೆ ಕೈಗೆತ್ತಿಕೊಳ್ಳುತ್ತಾರೆ. ಎಂಜಿನ್ನನ್ನು ಚೆನ್ನಾಗಿ ತೊಳೆದು, ಒರೆಸಿ, ಒಣಗಿಸಿ, ಅನುಮಾನವಿರುವ ಕಡೆಯೆಲ್ಲ ಮುಖಕ್ಕೆ ಹಚ್ಚುವ ಪೌಡರನ್ನೇ ಉದುರಿಸಿ, ಸ್ವಲ್ಪ ದೂರ ಓಡಿಸಿಕೊಂಡು ಬರುತ್ತಾರೆ. ಆಮೇಲೆ ಟಾರ್ಚು ಹಿಡಿದು ಕೆಳಗಿನಿಂದಲ್ಲ, ಮೇಲಿನಿಂದ ಹುಡುಕುತ್ತಾರೆ. ಪೌಡರ್ ಮೊದಲು ನೆನೆದದ್ದು ಎಲ್ಲಿಯೋ ಮೂಲ ಅಲ್ಲಿ. ಇಷ್ಟಕ್ಕೆ ಅರ್ಧ ದಿನ ಕೇಳಿದರೆ ಸಂತೋಷದಿಂದ ಕೊಡಿ. ನೋಡುವುದಕ್ಕೆ ಕೂಲಿ ಕೊಡಲು ನಾವು ಹಿಂದೆಮುಂದೆ ನೋಡುತ್ತೇವೆ, ಬಿಚ್ಚಿದ್ದಕ್ಕೆ ಮಾತ್ರ ಕೊಡುತ್ತೇವೆ. ಇದು ಸರಿಯಲ್ಲ. ಆ ಕೆಲಸದ ತಿರುಳೇ ನೋಡುವುದು.

ಕೆಲವೊಮ್ಮೆ ಸೀಲು ನಿಜಕ್ಕೂ ಸೋರುತ್ತಿರುತ್ತದೆ, ಆದರೂ ತಪ್ಪು ಸೀಲಿನದಲ್ಲ. ಎಂಜಿನ್ನಿನೊಳಗೆ ಹುಟ್ಟುವ ಗಾಳಿಯೊತ್ತಡ ಹೊರಹೋಗಲು ಒಂದು ಸಣ್ಣ ವಾಲ್ವು, ಒಂದು ಪೈಪು ಇರುತ್ತವೆ. ಅವು ಮಸಿಯಿಂದ ಕಟ್ಟಿಕೊಂಡರೆ ಒಳಗಿನ ಒತ್ತಡ ಎಲ್ಲಿ ಸಡಿಲವೋ ಅಲ್ಲಿಂದ ಎಣ್ಣೆಯನ್ನು ಹೊರಗೆ ನೂಕುತ್ತದೆ. ಪದೇ ಪದೇ ಸೀಲ್ ಬದಲಾಯಿಸಿಯೂ ಸೋರಿಕೆ ನಿಲ್ಲದಿದ್ದರೆ ಈ ಪೈಪನ್ನು ನೋಡಲು ಹೇಳಿ. ವಾಟರ್ ಪಂಪಿನ ಅಡಿಯಲ್ಲೂ ಒಂದು ತೂತು ಇದೆ. ಒಳಗಿನ ಸೀಲ್ ಸವೆದಾಗ ನೀರು ಬೇರಿಂಗಿಗೆ ಹೋಗದೆ ಹೊರಗೆ ಬಂದು ತಿಳಿಸಲಿ ಎಂದು ತಯಾರಕರೇ ಬೇಕೆಂದು ಇಟ್ಟದ್ದು ಅದು. ಅದಕ್ಕೆ ಅಂಟು ಮೆತ್ತಿ ಮುಚ್ಚಿದರೆ ಹನಿ ನಿಲ್ಲುತ್ತದೆ, ಪಂಪು ಉಳಿಯುವುದಿಲ್ಲ.

ಕೂಲೆಂಟಿನ ಸೋರಿಕೆ ಗ್ಯಾರೇಜಿನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಎಂಜಿನ್ ಕಾದು ಒತ್ತಡ ಏರಿದಾಗ ಮಾತ್ರ ಹನಿಯುವುದುಂಟು. ಹಾಗೆಂದು ಕಾದ ರೇಡಿಯೇಟರಿನ ಮುಚ್ಚಳ ತೆರೆದು ನೋಡಲು ಹೋಗಬಾರದು, ಕುದಿನೀರು ಮುಖಕ್ಕೆ ಎರಚುತ್ತದೆ. ತಣ್ಣಗಿರುವಾಗಲೇ ಕೈಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷಿಸುವ ಉಪಕರಣ ಇದೆ. ಇನ್ನೊಂದು ಮಾತು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ನಾಯಿ ಬೆಕ್ಕುಗಳು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಕ್ಕಳಿಗೂ ಅಷ್ಟೇ ಅಪಾಯ. ನೆಲಕ್ಕೆ ಬಿದ್ದದ್ದನ್ನು ಕೂಡಲೇ ಮರಳು ಹಾಕಿ ಬಳಿದು ತೆಗೆದು, ಆ ಜಾಗವನ್ನು ಚೆನ್ನಾಗಿ ತೊಳೆಯಿರಿ.

ಎಣ್ಣೆ, ಕೂಲೆಂಟಿನ ಸೋರಿಕೆಗೆ ಒಂದೆರಡು ದಿನ ಕಾಯಬಹುದು. ಅಷ್ಟು ದಿನವೂ ಅವುಗಳ ಮಟ್ಟ ನೋಡಿಕೊಂಡೇ ಗಾಡಿ ತೆಗೆಯಬೇಕು. ಬ್ರೇಕ್ ಆಯಿಲಿಗೆ ಈ ಮಾತಿಲ್ಲ. ಚಕ್ರದ ಒಳಮಗ್ಗುಲಲ್ಲಿ ಒದ್ದೆ ಕಂಡರೆ, ಬಾನೆಟ್ಟಿನ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇದ್ದಕ್ಕಿದ್ದಂತೆ ಇಳಿದಿದ್ದರೆ, ಪೆಡಲು ಮೆತ್ತಗೆ ಒಳಗೆ ಹೋಗುತ್ತಿದ್ದರೆ, ಗ್ಯಾರೇಜು ಪಕ್ಕದ ಬೀದಿಯಲ್ಲೇ ಇದ್ದರೂ ಗಾಡಿ ಓಡಿಸಿಕೊಂಡು ಹೋಗಬೇಡಿ. ಮೆಕ್ಯಾನಿಕ್ ಅವರನ್ನೇ ಮನೆಗೆ ಕರೆಸಿ.