ಕಪಿಲೆಗೂ ಕಡಲಿಗೂ ಇರುವ ನಂಟು

ನಮ್ಮ ತಗಡೂರಿನ ಸುತ್ತಿನ ಹಳ್ಳಿಗಳಲ್ಲಿ ಸಮುದ್ರವನ್ನು ಕಣ್ಣಾರೆ ಕಾಣದವರು ಇಂದಿಗೂ ಉಂಟು. ಅವರೊಡನೆ ಕಡಲಿನ ಮಾತೆತ್ತಿದರೆ, “ಅದು ಮಂಗಳೂರಿನವರ ಪಾಡು, ನಮಗೇಕೆ ಸ್ವಾಮಿ?” ಎಂದಾರು. ಆದರೆ ನಾವು ಕುಡಿಯುವ ನೀರು, ಉಣ್ಣುವ ಅನ್ನ ಎರಡಕ್ಕೂ ಮೂಲ ಆ ಕಡಲೇ ಎಂಬುದನ್ನು ತುಸು ವಿಚಾರ ಮಾಡಿ ನೋಡೋಣ.

ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ 71 ಪಾಲು ಕಡಲು. ಬೇಸಗೆಯಲ್ಲಿ ನೆಲ ಬೇಗ ಕಾಯುತ್ತದೆ, ಕಡಲು ನಿಧಾನವಾಗಿ ಕಾಯುತ್ತದೆ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರಲು, ತೆರವಾದ ಎಡೆಗೆ ಅರಬ್ಬೀ ಸಮುದ್ರದ ತೇವದ ಗಾಳಿ ನುಗ್ಗುತ್ತದೆ. ಪಶ್ಚಿಮ ಘಟ್ಟಗಳು ಅದನ್ನು ತಡೆಯುತ್ತವೆ. ವಯನಾಡಿನಲ್ಲಿ ಮಳೆ ಸುರಿಯುತ್ತದೆ. ಆ ಮಳೆಯೇ ಕಬಿನಿಯಾಗಿ ಹರಿದು, 1974ರಲ್ಲಿ ಮುಗಿದ ಬೀಚನಹಳ್ಳಿಯ ಅಣೆಕಟ್ಟೆಯಲ್ಲಿ ನಿಂತು, ನಾಲೆಗಳ ಮೂಲಕ ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯ ಗದ್ದೆಗಳಿಗೆ ಬರುತ್ತದೆ. ಘಟ್ಟ ದಾಟಿದ ಗಾಳಿಯಲ್ಲಿ ತೇವ ಕಡಿಮೆ; ಆದುದರಿಂದ ಮುಂಗಾರಿನಲ್ಲಿ ಬಯಲಿಗೆ ಬೀಳುವುದು ಅಲ್ಪವೇ. ಆ ಕೊರತೆಯನ್ನು ಚಿತ್ತೆ, ಸ್ವಾತಿಗಳ ಕಾಲದಲ್ಲಿ ಬಂಗಾಳ ಕೊಲ್ಲಿಯ ಮೋಡಗಳು ಎಷ್ಟೋ ತುಂಬಿಕೊಡುತ್ತವೆ. ಹೀಗೆ ನಾವು ಎರಡು ಕಡಲುಗಳ ಋಣದಲ್ಲಿದ್ದೇವೆ. ಕಪಿಲೆಯೂ ನರಸೀಪುರದಲ್ಲಿ ಕಾವೇರಿಯನ್ನು ಕೂಡಿ, ಕಡೆಗೆ ಬಂಗಾಳ ಕೊಲ್ಲಿಯತ್ತಲೇ ಸಾಗುತ್ತಾಳೆ.

ಕಡಲು ಬರಿಯ ಉಪ್ಪುನೀರಿನ ಕೊಪ್ಪರಿಗೆಯೆಂದು ತಿಳಿಯಬಾರದು. ಅದರ ಮೇಲ್ಪದರದಲ್ಲಿ ಬರಿಗಣ್ಣಿಗೆ ಕಾಣದ ಕೋಟ್ಯನುಕೋಟಿ ಸಸ್ಯಜೀವಿಗಳು ತೇಲುತ್ತಿವೆ. ಹೊಲದ ರಾಗಿಯ ಪೈರಿನಂತೆ ಅವೂ ಬಿಸಿಲನ್ನು ಉಂಡು ಬೆಳೆಯುತ್ತವೆ. ಜಗತ್ತಿನಲ್ಲಿ ವರ್ಷವರ್ಷವೂ ಉತ್ಪತ್ತಿಯಾಗುವ ಆಮ್ಲಜನಕದಲ್ಲಿ ಸುಮಾರು ಅರ್ಧ ಇವುಗಳದ್ದು. ಮುಂಗಾರಿನ ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ತಳದ ತಣ್ಣೀರು ಮೇಲೆದ್ದು ಬರುತ್ತದೆ. ಅದರೊಡನೆ ಬರುವ ಸಾರವೇ ಈ ಜೀವಿಗಳಿಗೆ ಗೊಬ್ಬರ. ಇವನ್ನು ತಿಂದು ಬೂತಾಯಿ ಮೀನು ಬೆಳೆಯುತ್ತದೆ. ನಮಗೆ ಮಳೆಯನ್ನು ತರುವ ಋತುವೇ ಕರಾವಳಿಯವರಿಗೆ ಮೀನಿನ ಬೆಳೆಯನ್ನೂ ಕೊಡುತ್ತದೆ.

ಇಂತಹ ಕಡಲಿಗೆ ಈಗ ಜ್ವರ ಬಂದಿದೆ. ಕಲ್ಲಿದ್ದಲು, ಪೆಟ್ರೋಲುಗಳನ್ನು ಸುಟ್ಟು ನಾವು ಹೆಚ್ಚಿಸಿದ ಕಾವಿನಲ್ಲಿ ನೂರಕ್ಕೆ 90 ಪಾಲನ್ನು ಕಡಲೇ ನುಂಗಿದೆ; ಹೊಗೆಯ ಇಂಗಾಲಾಮ್ಲದಲ್ಲಿ ಕಾಲುಪಾಲನ್ನು ಹೀರಿದೆ. ಅದರಿಂದ ನೀರಿನ ಗುಣ ಕೆಟ್ಟು, ಚಿಪ್ಪು ಕಟ್ಟಿಕೊಳ್ಳುವ ಜೀವಿಗಳಿಗೆ ತೊಂದರೆಯಾಗುತ್ತಿದೆ. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. 2023ರಲ್ಲಿ, ದೂರದ ಶಾಂತಸಾಗರ ಕಾದ ‘ಎಲ್ ನಿನೊ’ ವರ್ಷದಲ್ಲಿ, ಕರ್ನಾಟಕದ ಬಹುಪಾಲು ತಾಲ್ಲೂಕುಗಳಿಗೆ ಬರ ಬಡಿಯಿತು. ಒಂದೊಂದು ನೆರೆಗೂ ಒಂದೊಂದು ಬರಕ್ಕೂ ಕಡಲಿನ ಜ್ವರವೊಂದೇ ಕಾರಣವೆನ್ನಲಾಗದು. ಆದರೂ ಕಾದ ಕಡಲಿನಿಂದ ಹೆಚ್ಚು ಆವಿ ಏಳುವುದು ನಿಜ. ಅಂತಹ ಕಡೆ ಸುರಿದರೆ ಒಮ್ಮೆಗೇ ಸುರಿಯುತ್ತದೆ. ರೈತನ ಲೆಕ್ಕಾಚಾರ ತಪ್ಪುವುದು ಇಲ್ಲಿಯೇ.

ನಿಘಂಟಿನಲ್ಲಿ ‘ಜೀವನ’ ಎಂಬ ಶಬ್ದಕ್ಕೆ ನೀರು ಎಂಬ ಅರ್ಥವೂ ಉಂಟು. ಕಪಿಲೆಯ ಸ್ನಾನಘಟ್ಟದಲ್ಲಿ ಬಿಟ್ಟ ಹಳೆಯ ಬಟ್ಟೆ, ಎಸೆದ ಪ್ಲಾಸ್ಟಿಕ್ ಚೀಲ ನೀರಿನೊಡನೆ ಕೆಳಗೆ ಸಾಗುತ್ತವೆ. ತಡೆಯುವವರಿಲ್ಲದಿದ್ದರೆ ಅವಕ್ಕೂ ಕಡಲೇ ಗತಿ. ಮುಂದಿನ ಬಾರಿ ನಂಜುಂಡೇಶ್ವರನ ದರ್ಶನಕ್ಕೆ ಹೋದಾಗ, ಮಿಂದ ಮೇಲೆ ಒದ್ದೆಬಟ್ಟೆಯನ್ನು ಹಿಂಡಿ ಮನೆಗೆ ತನ್ನಿ. ಮಕ್ಕಳಿಗೆ ಆ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಹೇಳಿ.